ಕೆಮ್ಮಿದರೆ ಬಟ್ಟೆ ಒದ್ದೆಯೇ? ಸಾಧನ ಕೊಳ್ಳುವ ಮುನ್ನ

ನಾಲ್ಕು ಹೆಂಗಸರು ಸೇರಿದ ಕಡೆ ಮಂಡಿನೋವಿನ ಮಾತು ಬರುತ್ತೆ, ಸಕ್ಕರೆ ಕಾಯಿಲೆಯ ಮಾತು ಬರುತ್ತೆ. ಈ ಒಂದು ಮಾತು ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ. ಕೆಮ್ಮಿದರೆ, ಸೀನಿದರೆ, ಜೋರಾಗಿ ನಕ್ಕರೆ ನಾಲ್ಕು ಹನಿ ಮೂತ್ರ ಜಾರಿಬಿಡುತ್ತೆ. ನೆಲಮಂಗಲದಿಂದ ಮೆಜೆಸ್ಟಿಕ್ಕಿಗೆ ಬಸ್ಸು ಹತ್ತಬೇಕಾದರೆ ಬೆಳಗಿನಿಂದ ನೀರೇ ಕುಡಿಯದವರಿದ್ದಾರೆ. ಮನೆಮಂದಿಯೆಲ್ಲ ಶಿವಗಂಗೆ ಬೆಟ್ಟಕ್ಕೆ ಹೊರಟರೆ, "ನನಗೆ ಕಾಲುನೋವು, ನೀವು ಹೋಗಿ ಬನ್ನಿ" ಅಂತ ಉಳಿದುಬಿಡುವವರಿದ್ದಾರೆ. ಕಾಲಿಗೆ ಏನೂ ಆಗಿರುವುದಿಲ್ಲ, ಮೆಟ್ಟಿಲು ಇಳಿಯುವಾಗ ಸೀರೆ ಒದ್ದೆಯಾದೀತೆಂಬ ಭಯ ಅಷ್ಟೆ. "ಎರಡು ಹೆತ್ತ ಮೇಲೆ ಇದೆಲ್ಲಾ ಇದ್ದದ್ದೇ" ಎಂದು ಅತ್ತೆಯವರೂ ಹೇಳಿರುತ್ತಾರೆ. ಬಹಳ ಜನರಿಗೆ ಇರುವುದೇನೋ ನಿಜ. ಆದರೆ ಸುಮ್ಮನೆ ಸಹಿಸಿಕೊಂಡಿರಬೇಕಾದದ್ದಲ್ಲ.

ಈಗ ಮೊಬೈಲ್ ತೆರೆದರೆ ಇದಕ್ಕೆಂದೇ ತರಹೇವಾರಿ ಸಾಧನಗಳ ಜಾಹೀರಾತು. ಯಾವುದನ್ನು ಕೊಳ್ಳೋದು? ಕೊಳ್ಳಲೇಬೇಕೆ?

ಮೊದಲು ಒಳಗಿನ ಸಂಗತಿ ತಿಳಿದುಕೊಳ್ಳಿ. ಸೊಂಟದ ಮೂಳೆಗಳ ತಳದಲ್ಲಿ, ಮುಂದಿನಿಂದ ಹಿಂದಕ್ಕೆ, ಮಗುವಿಗೆ ಕಟ್ಟುವ ಜೋಲಿಯಂತೆ ಸ್ನಾಯುಗಳ ಒಂದು ಹಾಸು ಇದೆ. ಮೂತ್ರಕೋಶ, ಗರ್ಭಕೋಶ, ಕರುಳಿನ ತುದಿ, ಎಲ್ಲಕ್ಕೂ ಅದೇ ಆಸರೆ. ಹೆರಿಗೆಯಲ್ಲಿ ಅದು ಹಿಗ್ಗುತ್ತೆ. ಮುಟ್ಟು ನಿಂತ ವಯಸ್ಸು, ಹಳೆಯ ಕೆಮ್ಮು, ಮಲಬದ್ಧತೆ, ದಿನವೂ ಭಾರ ಎತ್ತುವುದು, ಇವೆಲ್ಲ ಜೋಲಿಯನ್ನು ಇನ್ನಷ್ಟು ಸಡಿಲ ಮಾಡುತ್ತವೆ. ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೆಗೆಲ್ ಈ ಸ್ನಾಯುಗಳಿಗೆ ವ್ಯಾಯಾಮ ಕೊಟ್ಟು ಗುಣ ಕಂಡದ್ದನ್ನು 1948ರಲ್ಲಿ ಪ್ರಕಟಿಸಿದರು. ಹಿಡಿತ ಎಷ್ಟಿದೆಯೆಂದು ತೋರಿಸುವ ಒಂದು ಒತ್ತಡ ಮಾಪಕವನ್ನೂ ಅವರು ಬಳಸುತ್ತಿದ್ದರು. ಅಂದಮೇಲೆ ಸಾಧನ ಹೊಸದೇನಲ್ಲ! ನಮ್ಮ ಹಠಯೋಗದ ಮೂಲಬಂಧದಲ್ಲೂ ಬಿಗಿಹಿಡಿಯುವುದು ಹೆಚ್ಚುಕಡಿಮೆ ಇದೇ ಜಾಗವನ್ನು.

ಇನ್ನು ಅಂಗಡಿಯ ಸರಕು. ತೊಡೆಗಳ ನಡುವೆ ಇಟ್ಟು ಒತ್ತುವ ಸ್ಪ್ರಿಂಗಿನ ಸಾಧನವನ್ನೇ ಹೆಚ್ಚಾಗಿ ತೋರಿಸುತ್ತಾರೆ. ಅದರಿಂದ ಗಟ್ಟಿಯಾಗುವುದು ಮುಖ್ಯವಾಗಿ ಒಳತೊಡೆ. ಇದಕ್ಕಂತೂ ದುಡ್ಡು ಹಾಕಬೇಡಿ.

ಎರಡನೆಯದು ಯೋನಿಯೊಳಗೆ ಇಟ್ಟುಕೊಳ್ಳುವ ಸಣ್ಣ ತೂಕದ ಗುಂಡುಗಳು. ಹಗುರವಾದದ್ದನ್ನು ಇಟ್ಟು, ಜಾರದಂತೆ ಹಿಡಿದು ಓಡಾಡುವುದು. ರೂಢಿಯಾದಂತೆ ತೂಕ ಏರಿಸುವುದು. ಏನೂ ಮಾಡದಿರುವುದಕ್ಕಿಂತ ಇದು ಮೇಲು, ಸರಿಯಾಗಿ ಮಾಡಿದ ಬರೀ ವ್ಯಾಯಾಮಕ್ಕಿಂತ ಹೆಚ್ಚೇನಲ್ಲ. ಮೂರನೆಯದು ನಿಮ್ಮ ಹಿಡಿತವನ್ನು ಫೋನಿನ ಪರದೆಯ ಮೇಲೆ ತೋರಿಸುವ ದುಬಾರಿ ಯಂತ್ರ. ಬ್ರಿಟನ್ನಿನಲ್ಲಿ 600 ಮಹಿಳೆಯರ ಮೇಲೆ ಇಂಥ ವಿಧಾನದ ಪರೀಕ್ಷೆ ನಡೆದು 2020ರಲ್ಲಿ ಫಲಿತಾಂಶ ಹೊರಬಂತು. ಎರಡು ವರ್ಷದ ಮೇಲೆ ನೋಡಿದರೆ ಯಂತ್ರದೊಡನೆ ವ್ಯಾಯಾಮ ಮಾಡಿದವರಿಗೂ ಬರೀ ವ್ಯಾಯಾಮ ಮಾಡಿದವರಿಗೂ ವ್ಯತ್ಯಾಸವೇ ಕಾಣಲಿಲ್ಲ. ತಿಂಗಳ ಮನೆಖರ್ಚಿನಲ್ಲಿ ಕತ್ತರಿಸಿ ಇದನ್ನು ಕೊಳ್ಳಬೇಕಾದ್ದಿಲ್ಲ ಎಂದೇ ನನ್ನ ಅಭಿಪ್ರಾಯ. ಸಣ್ಣ ವಿದ್ಯುತ್ ಹರಿಸುವ ಯಂತ್ರ ಬೇರೆ ಜಾತಿಯದು. ಎಷ್ಟು ಪ್ರಯತ್ನಪಟ್ಟರೂ ಸ್ನಾಯು ಬಿಗಿಯಲಾಗದವರಿಗೆ ಅದನ್ನು ವೈದ್ಯರು ಹೇಳುವುದುಂಟು. ಗರ್ಭಿಣಿಯರು, ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಅದನ್ನು ಮುಟ್ಟಲೇಬಾರದು.

ಏನೋ ಕೆಳಗೆ ಜಾರಿದಂತೆ, ಉಂಡೆ ಸಿಕ್ಕಿದಂತೆ ಅನಿಸುತ್ತಿದೆಯೇ? ಅದು ಗರ್ಭಕೋಶ ಇಳಿದಿರುವ ಸೂಚನೆ ಇರಬಹುದು. ಅದಕ್ಕೆ ವೈದ್ಯರು ಅಳತೆ ನೋಡಿ ಒಳಗೆ ಕೂರಿಸುವ ರಿಂಗು ಉಂಟು. ಅದು ಆಸರೆ ಕೊಡುತ್ತೆ, ಸ್ನಾಯುವನ್ನು ಬಲಪಡಿಸುವುದಿಲ್ಲ. ಅಂದಾಜಿನ ಮೇಲೆ ತರಿಸುವ ವಸ್ತುವಲ್ಲ ಅದು.

ಹಾಗೂ ಕೊಳ್ಳುವುದೇ ಆದರೆ ವೈದ್ಯಕೀಯ ದರ್ಜೆಯ ಸಿಲಿಕೋನಿನದು, ಬಿರುಕು ಜೋಡಣೆಗಳಿಲ್ಲದ್ದು ನೋಡಿ. ಉಪಯೋಗಿಸಿದ ಮೇಲೆ ಮೃದು ಸೋಪಿನಿಂದ ತೊಳೆದು ಪೂರ್ತಿ ಒಣಗಿಸಿ. ಅಕ್ಕತಂಗಿಯರಾದರೂ ಸರಿ, ಇನ್ನೊಬ್ಬರೊಡನೆ ಹಂಚಿಕೊಳ್ಳಬೇಡಿ. ಮುಟ್ಟಿನ ದಿನಗಳಲ್ಲಿ, ಬಿಳಿಸೆರಗು ವಾಸನೆ ಇದ್ದಾಗ, ಬಸುರಿಯಲ್ಲಿ ಬೇಡ. ಬಾಣಂತಿಯರು ವೈದ್ಯರು ನೋಡಿ ಒಪ್ಪುವವರೆಗೆ ಕಾಯಬೇಕು. ಅಲ್ಲಿ ನೋವಿದ್ದರಂತೂ ಸ್ನಾಯು ಮೊದಲೇ ಬಿಗಿಯಾಗಿರಬಹುದು, ಇನ್ನೂ ಬಿಗಿದರೆ ನೋವು ಹೆಚ್ಚುತ್ತೆ.

ಕಾಸಿಲ್ಲದ ವ್ಯಾಯಾಮ ಹೀಗಿದೆ. ವಾಯುವನ್ನೂ ಮೂತ್ರವನ್ನೂ ಒಟ್ಟಿಗೆ ತಡೆಯುವಂತೆ ಒಳಗಿನಿಂದ ಮೇಲಕ್ಕೆ ಬಿಗಿಹಿಡಿಯಿರಿ. ಉಸಿರು ಕಟ್ಟಬೇಡಿ, ಹೊಟ್ಟೆ, ತೊಡೆ, ಪೃಷ್ಠ ಸಡಿಲವಾಗಿರಲಿ. ಮೂರು ಎಣಿಸಿ ಬಿಡಿ, ಅಷ್ಟೇ ಹೊತ್ತು ಸುಧಾರಿಸಿಕೊಳ್ಳಿ. ವಾರ ಕಳೆದಂತೆ ಎಂಟು ಹತ್ತು ಎಣಿಸುವವರೆಗೆ ಹಿಡಿಯುವುದು ಬರುತ್ತೆ. ಒಂದು ಸಲಕ್ಕೆ 8 ಬಾರಿ, ದಿನಕ್ಕೆ 3 ಸಲ, ಕಡೇಪಕ್ಷ 3 ತಿಂಗಳು. ಹಾಲು ಉಕ್ಕುವುದನ್ನು ಕಾಯುತ್ತಾ ನಿಂತಲ್ಲೇ ಮಾಡಬಹುದು, ಪಕ್ಕದವರಿಗೂ ಗೊತ್ತಾಗಲ್ಲ. ಒಂದಕ್ಕೆ ಕೂತಾಗ ಮಧ್ಯೆ ತಡೆದು ತಡೆದು ಅಭ್ಯಾಸ ಮಾಡುವುದು ಮಾತ್ರ ಬೇಡ, ಮೂತ್ರಕೋಶ ಪೂರ್ತಿ ಖಾಲಿಯಾಗದೆ ಉಳಿಯಬಹುದು. ಸೀನು ಬರುವ ಮುನ್ನ, ನೀರಿನ ಬಿಂದಿಗೆ ಎತ್ತುವ ಮುನ್ನ ಒಮ್ಮೆ ಬಿಗಿಹಿಡಿದು ನೋಡಿ, ಸೋರುವುದು ಕಡಿಮೆಯಾಗುತ್ತೆ.

ಬಹಳ ಹೆಂಗಸರು ಮೇಲಕ್ಕೆಳೆಯುವ ಬದಲು ಕೆಳಕ್ಕೆ ಮುಕ್ಕುತ್ತಾರೆ. ಅದರಿಂದ ಕೆಡುಕೇ ಹೆಚ್ಚು. ಆದ್ದರಿಂದ ಸಾಧನಕ್ಕೆ ಸುರಿಯುವ ದುಡ್ಡಿನಲ್ಲಿ ಒಂದು ಭಾಗವನ್ನು ಸ್ತ್ರೀರೋಗ ತಜ್ಞೆಯ ಅಥವಾ ಫಿಸಿಯೋಥೆರಪಿಸ್ಟರ ಒಂದು ಭೇಟಿಗೆ ಇಡಿ. ನೆಲಮಂಗಲದವರು ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಬಹುದು, ಬೆಂಗಳೂರಿಗೆ ಹೋಗುವುದಾದರೆ ಸರ್ಕಾರಿ ವಾಣಿವಿಲಾಸ ಆಸ್ಪತ್ರೆ ಇದೆ. "ನಾನು ಬಿಗಿಹಿಡಿಯುವುದು ಸರಿಯೇ, ನೋಡಿ ಹೇಳಿ" ಅಂತ ಕೇಳಿ. ಮೂತ್ರದಲ್ಲಿ ಉರಿ ಅಥವಾ ರಕ್ತ ಕಂಡರೆ, ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಹೋದರೆ ವ್ಯಾಯಾಮವನ್ನೂ ಬದಿಗಿಟ್ಟು ಮೊದಲು ತೋರಿಸಿಕೊಳ್ಳಿ.