ನರ್ಸಿಂಗ್‌ನಲ್ಲಿ ಮಾರ್ಕ್ಸ್ ಕಡಿಮೆ ಬಂತಾ? ಕಾಲೇಜು ಬದಲಿಸುವ ಮುಂಚೆ ಇದನ್ನು ಓದಿ

ಮರಳಿ: ಬಿಎಸ್ಸಿ ನರ್ಸಿಂಗ್ ಮೊದಲ ಸೆಮಿಸ್ಟರ್ ರಿಸಲ್ಟ್ ಬಂದರೆ ಸಾಕು, ಮರಳಿ, ಶ್ರೀರಾಮನಗರ, ಕಾರಟಗಿ ಭಾಗದ ಮನೆಗಳಲ್ಲಿ ಕೇಳಿಬರುವ ಮಾತು ಒಂದೇ: "ಈ ಕಾಲೇಜ್ ಬ್ಯಾಡ, ಬ್ಯಾರೆ ಕಡೆ ಹಾಕ್ರಿ." ಭತ್ತ ಮಾರಿ ಫೀ ಕಟ್ಟಿದ ಅಪ್ಪ-ಅವ್ವ ಏನು ಮಾಡಬೇಕು? ಅವಸರ ಮಾಡುವ ಮುಂಚೆ ಕೆಲವು ವಿಷಯ ತಿಳ್ಕೊಳ್ಳಿ.

ಕಾಲೇಜು ಬದಲಾದರೂ ಪೇಪರ್ ಒಂದೇ

ಡೀಮ್ಡ್, ಖಾಸಗಿ ವಿವಿಗಳನ್ನು ಬಿಟ್ಟರೆ ರಾಜ್ಯದ ಬಿಎಸ್ಸಿ ನರ್ಸಿಂಗ್ ಕಾಲೇಜುಗಳು ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿವೆ. ಗಂಗಾವತಿಯಲ್ಲಿ ಓದಿದರೂ ಬಳ್ಳಾರಿಯಲ್ಲಿ ಓದಿದರೂ ಸಿಲಬಸ್ ಅದೇ, ಪ್ರಶ್ನೆ ಪತ್ರಿಕೆ ಅದೇ. ಥಿಯರಿಯಲ್ಲಿ ಸಾಮಾನ್ಯವಾಗಿ 75 ಅಂಕ ವಿವಿ ಪರೀಕ್ಷೆಗೆ, 25 ಅಂಕ ಮಾತ್ರ ಕಾಲೇಜಿನ ಇಂಟರ್ನಲ್. ಹಳೇ ಮಾರ್ಕ್ಸ್ ಕೂಡ ನಿಮ್ಮ ಹಿಂದೆಯೇ ಬರುತ್ತೆ.

ಕನ್ನಡ ಮೀಡಿಯಂನಿಂದ ಬಂದವರಿಗೆ ಅನಾಟಮಿ, ಫಿಸಿಯಾಲಜಿ ಇಂಗ್ಲಿಷ್‌ನಲ್ಲಿ ಬರೆಯೋದೇ ಕಷ್ಟ. ಆ ಕಷ್ಟ ಬೇರೆ ಕಾಲೇಜಿಗೆ ಹೋದರೂ ತಪ್ಪಲ್ಲ.

ಕಡಿಮೆ ಅಂದ್ರೆ ಎಷ್ಟು?

ಹೆಚ್ಚಿನ ವಿಷಯಗಳಲ್ಲಿ ಥಿಯರಿ, ಪ್ರಾಕ್ಟಿಕಲ್ ಎರಡರಲ್ಲೂ ಬೇರೆ ಬೇರೆಯಾಗಿ ಶೇ 50 ಬೇಕು. ಪರೀಕ್ಷೆಗೆ ಕೂರಲು ಹಾಜರಾತಿ ಶೇ 80. ಫೇಲ್ ಆದ ವಿಷಯ ಮತ್ತೆ ಬರೆಯಬಹುದು, ಕೋರ್ಸ್ ಮುಗಿಸಲು ಗರಿಷ್ಠ 8 ವರ್ಷ ಅವಕಾಶ ಇದೆ. ಆದರೆ ಐದನೇ ಸೆಮಿಸ್ಟರ್ ಪರೀಕ್ಷೆ ಹೊತ್ತಿಗೆ ಮೊದಲ ವರ್ಷದ ಬಾಕಿ ಇರಬಾರದು.

ಮುಂದೆ ಈ ಮಾರ್ಕ್ಸ್ ಎಲ್ಲಿ ಲೆಕ್ಕಕ್ಕೆ ಬರುತ್ತೆ? ಎಂಎಸ್ಸಿ ನರ್ಸಿಂಗ್‌ಗೆ ಒಟ್ಟು ಶೇ 55 ಬೇಕು. ಏಮ್ಸ್‌ನ ನಾರ್ಸೆಟ್ ಪರೀಕ್ಷೆಗೆ ಡಿಗ್ರಿ ಪಾಸಾಗಿ ನರ್ಸಿಂಗ್ ಕೌನ್ಸಿಲ್ ನೋಂದಣಿ ಇರಬೇಕು, ಆಯ್ಕೆ ನಡೆಯೋದು ಆ ಪರೀಕ್ಷೆಯ ಅಂಕದ ಮೇಲೆ. ಅಂದ್ರೆ ಮೊದಲ ಸೆಮಿಸ್ಟರ್‌ನಲ್ಲಿ ಶೇ 52 ಬಂದರೆ ಬಾಗಿಲು ಮುಚ್ಚಿಲ್ಲ, ಇನ್ನೂ ಏಳು ಸೆಮಿಸ್ಟರ್ ಇವೆ.

ಹಾಗಾದ್ರೆ ಯಾವಾಗ ಬದಲಿಸಬೇಕು?

ಮಾರ್ಕ್ಸ್ ಅಲ್ಲ, ಕಾಲೇಜೇ ಸಮಸ್ಯೆ ಆದಾಗ. ಆಸ್ಪತ್ರೆ ಪೋಸ್ಟಿಂಗ್‌ಗೆ ಕಳಿಸ್ತಿಲ್ಲ, ಪಾಠ ಮಾಡೋರೇ ಇಲ್ಲ, ಕಾಲೇಜಿಗೆ ಮಾನ್ಯತೆಯ ತಕರಾರು ಇದೆ ಅಂದ್ರೆ ಯೋಚಿಸಲೇಬೇಕು. ಡಿಗ್ರಿ ಕೈಗೆ ಸಿಗಬೇಕಾದರೆ ಕ್ಲಿನಿಕಲ್ ಹಾಜರಾತಿ ಶೇ 100 ಆಗಿರಬೇಕು. ವಾರ್ಡ್ ನೋಡದೆ ಪಾಸಾದ ನರ್ಸ್‌ಗೆ ಇಂಜೆಕ್ಷನ್ ಕೊಡುವಾಗ ಕೈ ನಡುಗುತ್ತೆ, ಅದರ ಬೆಲೆ ತೆರೋದು ರೋಗಿ.

ಹೊರಡುವ ಮುಂಚೆ

• ಟಿಸಿ ತಗೊಂಡು ಬೇರೆ ಕಡೆ ಕೂತರೆ ಟ್ರಾನ್ಸ್‌ಫರ್ ಆಗಲ್ಲ. ವಿವಿಯ ಅನುಮತಿ ಬೇಕು. ನಿಮ್ಮ ಸೆಮಿಸ್ಟರ್‌ನಲ್ಲಿ ಅವಕಾಶ ಇದೆಯಾ ಅಂತ ವಿವಿಯಲ್ಲೇ ಲಿಖಿತವಾಗಿ ಕೇಳಿ. ಅಲ್ಲಿವರೆಗೆ ಹಳೇ ಸೀಟು ಬಿಡಬೇಡಿ.

• "ಟ್ರಾನ್ಸ್‌ಫರ್ ಮಾಡಿಸ್ತೀನಿ" ಅನ್ನೋ ಏಜೆಂಟ್‌ಗಳ ಬಗ್ಗೆ ಹುಷಾರ್. ಹೊಸದಾಗಿ ಮೊದಲ ವರ್ಷಕ್ಕೆ ಸೇರಿಸಿದರೆ ಓದಿದ ವರ್ಷ, ಕಟ್ಟಿದ ಫೀ ಎರಡೂ ಹೋಯ್ತು.

• ಕೆಇಎ ಮೂಲಕ ಸರ್ಕಾರಿ ಕೋಟಾದಲ್ಲಿ, 371(ಜೆ) ಅಡಿಯಲ್ಲಿ ಸೀಟು ಸಿಕ್ಕಿದ್ದರೆ ಹೊಸ ಕಾಲೇಜಲ್ಲೂ ಅದೇ ಫೀ ಅಂದುಕೊಳ್ಳಬೇಡಿ. ಎಷ್ಟು ಅಂತ ಬರೆಸಿಕೊಳ್ಳಿ. ಸ್ಕಾಲರ್‌ಶಿಪ್ ಏನಾಗುತ್ತೆ ಅಂತಲೂ ವಿಚಾರಿಸಿ.

• ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಟುಕೊಂಡು ಸತಾಯಿಸುವಂತಿಲ್ಲ ಅಂತ ಯುಜಿಸಿ 2018ರಲ್ಲೇ ಹೇಳಿದೆ. ಕೇಳುವಾಗ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ.

ಮಾರ್ಕ್ಸ್ ಅಷ್ಟೇ ಚಿಂತೆ ಆಗಿದ್ದರೆ ಮೊದಲು ಇಂಟರ್ನಲ್‌ನಲ್ಲಿ ಎಷ್ಟು ಬಂದಿದೆ, ವಿವಿ ಪರೀಕ್ಷೆಯಲ್ಲಿ ಎಷ್ಟು ಬಂದಿದೆ ಅಂತ ಬೇರೆ ಮಾಡಿ ನೋಡಿ. ವಿವಿ ಪರೀಕ್ಷೆಯಲ್ಲಿ ಹೋಗಿದ್ದರೆ ಹಳೇ ಪ್ರಶ್ನೆ ಪತ್ರಿಕೆ ಹಿಡಿದು ಇಂಗ್ಲಿಷ್‌ನಲ್ಲಿ ಉತ್ತರ ಬರೆದು ಸೀನಿಯರ್‌ಗಳಿಗೆ ತೋರಿಸಿ. ಟ್ರಾನ್ಸ್‌ಫರ್‌ಗೆ ಓಡಾಡುವ ಖರ್ಚಿನಲ್ಲಿ ಒಂದು ಸೆಮಿಸ್ಟರ್ ಪುಸ್ತಕ ಬರ್ತಾವೆ.