ಎರಡೇ ಸರ್ವರ್‌ಗೆ ಯಾವುದು ಸರಿ?

ಪ್ರಶ್ನೆ: ನಮ್ಮ ಎರಡು ಸರ್ವರ್‌ಗಳಲ್ಲಿ ಹಲವು ವರ್ಚುವಲ್ ಮಷಿನ್ ನಡೆಸಬೇಕು. ಯಾವ ಸಾಫ್ಟ್‌ವೇರ್ ಒಳ್ಳೇದು?
– ಓದುಗರು, ಲಕ್ಕಲಕಟ್ಟಿ

ಉತ್ತರ: ನಿಮಗೆ ಪ್ರಾಕ್ಸ್‌ಮಾಕ್ಸ್ ಸಾಕು. 2023ರ ನವೆಂಬರಿನಲ್ಲಿ ಬ್ರಾಡ್‌ಕಾಮ್ ಇದೇ ಬಗೆಯ ತಂತ್ರಾಂಶ ಮಾಡುವ ವಿಎಂವೇರನ್ನು ಕೊಂಡ ಮೇಲೆ, ಒಮ್ಮೆ ದುಡ್ಡು ಕಟ್ಟಿದರೆ ಮುಗಿಯಿತು ಎನ್ನುವ ಲೈಸೆನ್ಸ್ ನಿಂತು ಚಂದಾ ಪದ್ಧತಿ ಬಂತು. ಸಣ್ಣವರಿಗೆ ಅದು ಹೊರೆ. ಪ್ರಾಕ್ಸ್‌ಮಾಕ್ಸ್ ಮುಕ್ತ ತಂತ್ರಾಂಶ, ಬ್ರೌಸರಿನಲ್ಲೇ ಎಲ್ಲ ನಿಭಾಯಿಸಬಹುದು, ಚಂದಾ ಬೇಕೆನಿಸಿದರೆ ಮಾತ್ರ.

ಆದರೆ ಎರಡೂ ಸರ್ವರ್‌ಗಳನ್ನು ಜೋಡಿಸಿ ಕ್ಲಸ್ಟರ್ ಮಾಡುವ ಮುಂಚೆ ಇದನ್ನು ಗಮನಿಸಿ. ಕ್ಲಸ್ಟರ್ ನಡೆಯುವುದು ಬಹುಮತದ ಮೇಲೆ. ಕರೆಂಟು ಹೋಗಿ ಒಂದು ಸರ್ವರ್ ಆಫ್ ಆದರೆ ಇನ್ನೊಂದರ ಬಳಿ ಉಳಿಯುವುದು ಎರಡರಲ್ಲಿ ಒಂದೇ ಮತ. ಆಗ ಅದು ನಿಂತ ಮಷಿನ್ನನ್ನು ಶುರು ಮಾಡಲು ಬಿಡುವುದಿಲ್ಲ. ಮೂರನೆಯ ಮತಕ್ಕಾಗಿ ಹಳೇ ಕಂಪ್ಯೂಟರೊಂದನ್ನು ಕ್ಯೂಡಿವೈಸ್ ಆಗಿ ಸೇರಿಸಿ. ಬ್ಯಾಕಪ್ ಈ ಎರಡರ ಹೊರಗೇ ಇರಲಿ. ಆಗಾಗ ಅದರಿಂದ ಒಂದು ಮಷಿನ್ ಎಬ್ಬಿಸಿ ನೋಡಿ.