ಬಿಗಿದ ಬೋಲ್ಟು, ಬೆಸೆದ ಉಕ್ಕು

ಹೆದ್ದಾರಿ ಪಕ್ಕದ ಪಂಕ್ಚರ್ ಅಂಗಡಿಯಲ್ಲಿ ಲಾರಿಗೆ ಚಕ್ರ ಹಾಕುವುದನ್ನು ಒಮ್ಮೆ ನಿಂತು ನೋಡಬೇಕು. ಒಂದು ನಟ್ಟು ಬಿಗಿದ ಮೆಕ್ಯಾನಿಕ್ ಅದರ ಪಕ್ಕದ್ದಕ್ಕೆ ಹೋಗುವುದಿಲ್ಲ, ಎದುರಿನದಕ್ಕೆ ಹೋಗುತ್ತಾನೆ. ಹಾಗೆ ಎದುರುಬದುರಾಗಿ ಎಲ್ಲವನ್ನೂ ಮುಗಿಸಿ, ಕೊನೆಗೆ ಸ್ಪ್ಯಾನರಿಗೆ ಉದ್ದನೆಯ ಪೈಪು ತೂರಿಸಿ ಮೈಭಾರವನ್ನೆಲ್ಲ ಅದರ ಮೇಲೆ ಬಿಡುತ್ತಾನೆ. ನಟ್ಟು ತಿರುಗುವುದು ಕಣ್ಣಿಗೆ ಕಾಣುತ್ತದೆ. ಬೋಲ್ಟು ಉದ್ದವಾಗುವುದು ಕಾಣುವುದಿಲ್ಲ.

ಉಕ್ಕು ಹಿಗ್ಗುತ್ತದೆ. 100 ಮಿ.ಮೀ. ಉದ್ದದ ಒಳ್ಳೆಯ ಬೋಲ್ಟನ್ನು ಸರಿಯಾಗಿ ಬಿಗಿದರೆ ಅದು ಸುಮಾರು 0.2 ಮಿ.ಮೀ.ನಷ್ಟು, ಅಂದರೆ ಎರಡು ಹಾಳೆ ಕಾಗದದ ದಪ್ಪದಷ್ಟು, ಉದ್ದವಾಗುತ್ತದೆ. ಬಿಟ್ಟರೆ ಮತ್ತೆ ಮೊದಲಿನ ಅಳತೆಗೆ ಮರಳುತ್ತದೆ. ಬಿಗಿದ ಬೋಲ್ಟು ಎಂದರೆ ಎಳೆದು ಕಟ್ಟಿದ ಸ್ಪ್ರಿಂಗು. ಆ ಎಳೆತವೇ ಎರಡು ತಟ್ಟೆಗಳನ್ನು ಒಂದಕ್ಕೊಂದು ಅದುಮಿ ಹಿಡಿಯುತ್ತದೆ, ಅದುಮಿದ ಮೈಗಳ ನಡುವಿನ ಘರ್ಷಣೆ ಅವು ಜಾರದಂತೆ ತಡೆಯುತ್ತದೆ. ಚಕ್ರಕ್ಕೂ ಹಬ್ಬಿಗೂ ನಡುವೆ ಬಲ ದಾಟುವುದು ಮುಖ್ಯವಾಗಿ ಈ ಘರ್ಷಣೆಯ ಮೂಲಕ. ಬೋಲ್ಟು ಗೂಟದಂತೆ ಅಡ್ಡ ನಿಂತು ಭಾರ ಹೊರುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಆದರೆ ಬಿಗಿತ ಸಡಿಲಿದಾಗ ಮಾತ್ರ ಅದಕ್ಕೆ ಆ ಪಾಡು ಬರುತ್ತದೆ, ಅಲ್ಲಿಂದ ಮುಂದೆ ಅದು ಬಹಳ ದಿನ ಬಾಳುವುದಿಲ್ಲ.

ಬೋಲ್ಟಿನ ತಲೆಯ ಮೇಲೆ 8.8 ಎಂದು ಕೆತ್ತಿರುವುದನ್ನು ಅನೇಕರು ಕಂಡಿರುತ್ತಾರೆ. ಮೊದಲ ಎಂಟು ಹೇಳುವುದು ಆ ಉಕ್ಕು ಪ್ರತಿ ಚದರ ಮಿ.ಮೀ.ಗೆ 800 ನ್ಯೂಟನ್‌ವರೆಗೆ ಹರಿಯದೆ ತಾಳುತ್ತದೆ ಎಂದು. ಎರಡನೆಯದು ಹೇಳುವುದು ಅದರ ಹತ್ತರಲ್ಲಿ ಎಂಟು ಭಾಗ ಮುಟ್ಟಿದರೆ ಅದು ಮರಳಿ ಮೊದಲಿನಂತಾಗದೆ ಶಾಶ್ವತವಾಗಿ ಹಿಗ್ಗಿಬಿಡುತ್ತದೆ ಎಂದು. 20 ಮಿ.ಮೀ. ದಪ್ಪದ ಅಂಥ ಒಂದು ಬೋಲ್ಟು ಸುಮಾರು 20 ಟನ್ ಎಳೆತದವರೆಗೆ ನಿಲ್ಲುತ್ತದೆ.

ಇಷ್ಟು ಗಟ್ಟಿ ವಸ್ತುವನ್ನು ಬಿಗಿಯುವ ನಮ್ಮ ವಿಧಾನ ಮಾತ್ರ ಬಹಳ ಒರಟು. ಸ್ಪ್ಯಾನರಿಗೆ ಹಾಕಿದ ಶ್ರಮದಲ್ಲಿ ಸುಮಾರು ಅರ್ಧ ನಟ್ಟಿನ ಅಡಿಯ ಉಜ್ಜಾಟಕ್ಕೆ, ಇನ್ನು ನೂರಕ್ಕೆ ನಲವತ್ತು ಪಾಲು ಥ್ರೆಡ್ಡುಗಳ ಉಜ್ಜಾಟಕ್ಕೆ ಹೋಗುತ್ತದೆ. ಬೋಲ್ಟನ್ನು ಎಳೆಯಲು ಉಳಿಯುವುದು ಹತ್ತು ಪಾಲು. ಥ್ರೆಡ್ಡಿಗೆ ತುಕ್ಕು ಹಿಡಿದಿದ್ದರೆ ಅದೂ ಇಲ್ಲ: ಕೈಗೆ ಬಿಗಿಯೆನಿಸುತ್ತದೆ, ಬೋಲ್ಟು ಮಾತ್ರ ಸಡಿಲಾಗಿಯೇ ಇರುತ್ತದೆ. ಎಣ್ಣೆ ಹೆಚ್ಚಾದರೆ ಇದಕ್ಕೆ ತಿರುಗುಮುರುಗು: ಅದೇ ಶ್ರಮಕ್ಕೆ ಬೋಲ್ಟು ಅಳತೆ ಮೀರಿ ಹಿಗ್ಗುತ್ತದೆ. ಟಾರ್ಕ್ ರೆಂಚ್ ಹಿಡಿದವರೂ ಥ್ರೆಡ್ಡು ಒರೆಸಿ ನೋಡಬೇಕು ಎನ್ನುವುದು ಇದಕ್ಕೇ.

ಬಿಗಿದ ನಟ್ಟು ಓಡಾಟದಲ್ಲಿ ಯಾಕೆ ಸಡಿಲಾಗುತ್ತದೆ? ಮೇಲೆ ಕೆಳಗೆ ಅಲುಗುವುದರಿಂದ ಎಂಬ ನಂಬಿಕೆ ಬಹಳ ಕಾಲ ಇತ್ತು. 1969ರಲ್ಲಿ ಜರ್ಮನಿಯ ಎಂಜಿನಿಯರ್ ಗೆರ್ಹಾರ್ಡ್ ಯುಂಕರ್ ಪ್ರಯೋಗ ಮಾಡಿ ತೋರಿಸಿದ್ದೇ ಬೇರೆ: ನಿಜವಾದ ಶತ್ರು ಅಡ್ಡಡ್ಡ ಅಲುಗಾಟ. ತಟ್ಟೆಗಳು ಪಕ್ಕಕ್ಕೆ ಕೂದಲೆಳೆಯಷ್ಟು ಜಾರಿದರೂ ಥ್ರೆಡ್ಡಿನ ಹಿಡಿತ ಆ ಕ್ಷಣ ತಪ್ಪುತ್ತದೆ, ಎಳೆದು ನಿಂತ ಬೋಲ್ಟು ನಟ್ಟನ್ನು ತಾನೇ ಹಿಂದಕ್ಕೆ ತಿರುಗಿಸುತ್ತದೆ. ನಮ್ಮ ಗ್ಯಾರೇಜುಗಳು ತುಂಬ ನಂಬಿರುವ ಸ್ಪ್ರಿಂಗ್ ವಾಷರ್ ಈ ಪರೀಕ್ಷೆಯಲ್ಲಿ ನಿಲ್ಲುವುದಿಲ್ಲ. ಪೂರ್ಣ ಬಿಗಿತಕ್ಕಿಂತ ಎಷ್ಟೋ ಕಡಿಮೆ ಬಲದಲ್ಲೇ ಅದು ಚಪ್ಪಟೆಯಾಗಿರುತ್ತದೆ. ಸಡಿಲಾಗದಂತೆ ಕಾಯುವುದು ಮೊದಲು ಕೊಟ್ಟ ಸಾಕಷ್ಟು ಬಿಗಿತವೇ.

ಬೆಸುಗೆಯ ಗುಣ ಬೇರೆ. ಅದು ಎರಡು ತುಂಡುಗಳನ್ನು ಹಿಡಿದು ನಿಲ್ಲಿಸುವುದಿಲ್ಲ, ಕರಗಿಸಿ ಒಂದೇ ಮೈ ಮಾಡುತ್ತದೆ. ರಂಧ್ರ ಕೊರೆಯಬೇಕಿಲ್ಲ, ತೂಕ ಕಡಿಮೆ, ನೀರು ಸೋರುವುದಿಲ್ಲ. ಆದರೆ ಕರಗಿದ ಉಕ್ಕು ಆರುವಾಗ ಕುಗ್ಗಬಯಸುತ್ತದೆ, ಸುತ್ತಲಿನ ತಣ್ಣನೆಯ ಉಕ್ಕು ಬಿಡುವುದಿಲ್ಲ. ಈ ಜಗ್ಗಾಟ ಬೆಸುಗೆಯೊಳಗೆ ಹಾಗೆಯೇ ಉಳಿದುಬಿಡುತ್ತದೆ. ಹೊರಗಿನಿಂದ ಒಂದು ಕಿಲೋ ಭಾರವೂ ಬೀಳುವ ಮೊದಲೇ ಅಲ್ಲಿನ ಉಕ್ಕು ತನ್ನ ಮಿತಿಯ ಹತ್ತಿರ ಎಳೆದುಕೊಂಡು ನಿಂತಿರಬಹುದು.

ಒಂದೇ ಮೈ ಆದದ್ದರ ಬೆಲೆ ಎಷ್ಟು ಎಂಬುದು ತಿಳಿದದ್ದು ಎರಡನೆಯ ಮಹಾಯುದ್ಧದಲ್ಲಿ. ಅಮೆರಿಕ ಆಗ ರಿವೆಟ್ಟು ಬಿಟ್ಟು ಬೆಸುಗೆಯಿಂದ ಸರಸರನೆ ಹಡಗು ಕಟ್ಟುತ್ತಿತ್ತು. 1943ರ ಜನವರಿ 16ರ ರಾತ್ರಿ, ಆರಿಗನ್ನಿನ ಪೋರ್ಟ್‌ಲ್ಯಾಂಡಿನಲ್ಲಿ, ಸಮುದ್ರದ ಪರೀಕ್ಷೆ ಮುಗಿಸಿ ಬಂದು ದಡಕ್ಕೆ ಕಟ್ಟಿದ್ದ ಸ್ಕೆನೆಕ್ಟಡಿ ಎಂಬ ಹೊಚ್ಚಹೊಸ ತೈಲ ಹಡಗು ನಡುವೆ ಸೀಳಿತು. ಅಲೆ ಇಲ್ಲ, ಬಿರುಗಾಳಿ ಇಲ್ಲ, ಚಳಿ ಮಾತ್ರ ಇತ್ತು. ಬಿರುಕು ಡೆಕ್ಕನ್ನು ದಾಟಿ ಎರಡೂ ಪಕ್ಕೆಗಳಲ್ಲಿ ಕೆಳಗಿಳಿದು ತಳದ ತಗಡೊಂದನ್ನೇ ಉಳಿಸಿತು. ಕೇಂಬ್ರಿಡ್ಜಿನ ಕಾನ್‌ಸ್ಟನ್ಸ್ ಟಿಪ್ಪರ್ ಎಂಬ ವಿಜ್ಞಾನಿ ಯುದ್ಧಕಾಲದ ಹಡಗುಗಳ ಇಂಥ ಸೀಳುಗಳನ್ನು ಅಭ್ಯಾಸ ಮಾಡಿ, ಆ ಕಾಲದ ಉಕ್ಕು ಚಳಿಯಲ್ಲಿ ಬಾಗುವ ಗುಣ ಕಳೆದುಕೊಂಡು ಗಾಜಿನಂತೆ ಒಡೆಯುತ್ತದೆ ಎಂದು ತೋರಿಸಿದರು. ರಿವೆಟ್ಟಿನ ಹಡಗಿನಲ್ಲಿ ಬಿರುಕು ಒಂದು ತಗಡಿನ ಅಂಚಿಗೆ ಬಂದು ನಿಂತುಬಿಡುತ್ತಿತ್ತು. ಬೆಸೆದ ಹಡಗಿನಲ್ಲಿ ಅದಕ್ಕೆ ಅಂಚೇ ಇಲ್ಲ. ಆಮೇಲೆ ಎಂಜಿನಿಯರುಗಳು ಚೂಪಾದ ಮೂಲೆಗಳನ್ನು ದುಂಡಗೆ ಮಾಡಿದರು, ಬಿರುಕು ತಡೆಯಲೆಂದೇ ಬೆಸೆದ ಹಡಗಿಗೆ ಅಲ್ಲಲ್ಲಿ ರಿವೆಟ್ಟಿನ ಪಟ್ಟಿಗಳನ್ನು ಕೂರಿಸಿದರು.

ಬಿರುಕು ಒಂದೇ ಏಟಿಗೆ ಬರಬೇಕೆಂದೇನೂ ಇಲ್ಲ. ಸಾವಿರ, ಲಕ್ಷ ಸಲ ಬಂದು ಹೋಗುವ ಸಣ್ಣ ಭಾರವೂ ಲೋಹವನ್ನು ದಣಿಸುತ್ತದೆ. ಆ ದಣಿವು ಮೊದಲು ಕಾಣಿಸಿಕೊಳ್ಳುವುದು ಹೆಚ್ಚಾಗಿ ಬೆಸುಗೆ ಮೂಲ ತಗಡನ್ನು ಸೇರುವ ಗೆರೆಯಲ್ಲಿ. ಅಲ್ಲಿ ಆಕಾರ ಥಟ್ಟನೆ ಬದಲಾಗುತ್ತದೆ, ಕಣ್ಣಿಗೆ ಕಾಣದ ಕಚ್ಚುಗಳಿರುತ್ತವೆ. ದುಬಾರಿಯ ಗಟ್ಟಿ ಉಕ್ಕು ತಂದು ಬೆಸೆದರೂ ದಣಿವಿನ ವಿಷಯದಲ್ಲಿ ಅದು ಸಾಧಾರಣ ಉಕ್ಕಿಗಿಂತ ಹೆಚ್ಚೇನೂ ಬಾಳುವುದಿಲ್ಲ. ವಿನ್ಯಾಸಕಾರರನ್ನು ಈಗಲೂ ಕಟ್ಟಿಹಾಕುವ ಸತ್ಯ ಇದು.

ಉತ್ತರ ಸಮುದ್ರದ ತೈಲ ಕ್ಷೇತ್ರವೊಂದರಲ್ಲಿ ಕೆಲಸಗಾರರ ವಸತಿಗೆಂದು ನಿಂತಿದ್ದ ಐದು ಕಾಲಿನ ತೇಲುವ ವೇದಿಕೆ ಅಲೆಕ್ಸಾಂಡರ್ ಕೀಲ್ಯಾಂಡ್. ಅದರ ಒಂದು ದಪ್ಪ ಅಡ್ಡ ಕೊಳವೆಗೆ, ನೀರೊಳಗಿನ ಶಬ್ದ ಕೇಳುವ ಪುಟ್ಟ ಉಪಕರಣವೊಂದನ್ನು ಕೂರಿಸಲು, ಹಿಡಿಕೆ ಬೆಸೆದಿದ್ದರು. ಬೆಸುಗೆ ಬರೀ 6 ಮಿ.ಮೀ.ನದು. ಭಾರ ಹೊರುವ ಭಾಗವಲ್ಲವೆಂದು ಅದರ ಕಡೆ ಗಮನವೂ ಕಡಿಮೆ ಇತ್ತು. ಅಲ್ಲಿ ಹುಟ್ಟಿದ ಬಿರುಕು ಅಲೆಯಿಂದ ಅಲೆಗೆ ಬೆಳೆದು ಕೊಳವೆಯ ಸುತ್ತ ಹಬ್ಬಿತು. 1980ರ ಮಾರ್ಚ್ 27ರ ಸಂಜೆ ಕೊಳವೆ ತುಂಡಾಯಿತು, ಉಳಿದ ಕೊಳವೆಗಳು ಭಾರ ತಾಳದೆ ಮುರಿದವು, ಒಂದು ಕಾಲು ಕಳಚಿತು, ವೇದಿಕೆ ಮಗುಚಿತು. 212 ಜನರಲ್ಲಿ 123 ಮಂದಿ ಸತ್ತರು. ತನಿಖೆಯವರು ಬಿರುಕಿನೊಳಗೆ ನೋಡಿದಾಗ ಬಣ್ಣದ ಗುರುತು ಸಿಕ್ಕಿತು. ಅಂದರೆ ವೇದಿಕೆಗೆ ಬಣ್ಣ ಬಳಿಯುವ ಹೊತ್ತಿಗೇ ಬಿರುಕು ಅಲ್ಲಿತ್ತು.

ಲಾರಿ, ಟ್ರೇಲರ್ ಇರುವವರು ಈ ಹಿಡಿಕೆಯನ್ನು ನೆನಪಿಡಬೇಕು. ಚಾಸಿಯ ಉದ್ದದ ತೊಲೆಗಳಿಗೆ ಮನಬಂದಲ್ಲಿ ಬೆಸುಗೆ ಹಾಕಬೇಡಿ, ಅಂಚಿನಲ್ಲಿ ರಂಧ್ರ ಕೊರೆಯಬೇಡಿ ಎಂದು ತಯಾರಕರು ಕೈಪಿಡಿಗಳಲ್ಲಿ ಎಚ್ಚರಿಸುವುದು ಇದೇ ಕಾರಣಕ್ಕೆ. ಹಗ್ಗ ಕಟ್ಟುವ ಕೊಕ್ಕೆಯೊಂದು ಬೇಕಾದರೆ ಅದನ್ನು ಬಾಡಿಗೆ ಹಾಕಿಸಿ, ಚಾಸಿಗೆ ಬೇಡ. ಚಕ್ರ ಬದಲಿಸಿದ್ದರೆ ನೂರು ಕಿಲೋಮೀಟರ್ ಒಳಗೆ ಗಾಡಿ ನಿಲ್ಲಿಸಿ ನಟ್ಟುಗಳನ್ನು ಇನ್ನೊಮ್ಮೆ ಬಿಗಿಸಿಕೊಳ್ಳಿ.